ಎರಡು ಕತ್ತಿ, ಒಂದು ಗೋಡೆ

ಧಾರವಾಡಕ್ಕೆ ಹೋಗಿ ವಸ್ತುಸಂಗ್ರಹಾಲಯದ ವಿದ್ಯೆ ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅಣ್ಣ ಮೊದಲು ನಕ್ಕ. ಹಳೇ ಸಾಮಾನು ಒರೆಸುವುದಕ್ಕೆ ಧಾರವಾಡ ಯಾಕೆ, ಅಟ್ಟದ ಮೇಲೆ ಬೇಕಾದಷ್ಟಿವೆ, ಹತ್ತಿ ಒರೆಸು ಎಂದ. ನಾನು ಕೇಳಿಸಿಕೊಂಡು ಸುಮ್ಮನಿರುವ ಪೈಕಿಯವಳಲ್ಲ. ನಿನ್ನ ತಲೆಯೂ ಅಟ್ಟದ ಸಾಮಾನೇ, ಬಾ, ಮೊದಲು ಅದನ್ನೇ ಒರೆಸುತ್ತೇನೆ ಎಂದೆ. ಕಪಾಳಕ್ಕೆ ಬಿತ್ತು. ಎರಡನೆಯ ಏಟಿಗೆ ತುಟಿ ಒಡೆದು ಬಾಯಿಗೆ ರಕ್ತದ ರುಚಿ ಬಂತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಕಾಕಾ ಹಿಂದಿನಿಂದ ಬಂದು ಹಿಡಿದುಕೊಂಡ.

ಕಾಕಾ ಎಂದರೆ ಅಪ್ಪನ ತಮ್ಮ. ಗರಡಿಯಲ್ಲಿ ಮೈ ಬೆಳೆಸಿದವನು, ಮದುವೆಯಾಗಿರಲಿಲ್ಲ. ಕೂರಿಗೆ ಹಿಡಿದರೆ ಅವನಷ್ಟು ನೆಟ್ಟಗೆ ಬಿತ್ತುವವರು ನಮ್ಮೂರಲ್ಲಿ ಇರಲಿಲ್ಲ. ಹದ ಮಳೆಯಾದ ಮೇಲೆ ನೆರೆಹೊಲದವರೂ ಅವನ ಕೈಗೇ ಕಾಯುತ್ತಿದ್ದರು. ಮಾತು ಕಡಿಮೆ. ಅಣ್ಣನ ಕೈ ಬಿಡದೆ, ಅಪ್ಪನ ಕಡೆ ತಿರುಗಿ ಇಷ್ಟೇ ಹೇಳಿದ: "ಒಂದ ವರ್ಷ ಬಿಡಣ್ಣಾ. ಅಕಿ ಜವಾಬ್ದಾರಿ ನಂದು."

ಅಪ್ಪ ಬಿಟ್ಟ, ಆದರೆ ಕರಾರು ಹಾಕಿ ಬಿಟ್ಟ. ಒಂದೇ ವರ್ಷ. ಆ ವರ್ಷದಲ್ಲಿ ನನ್ನಿಂದ ಮನೆಗೆ ಒಂದು ಕೆಟ್ಟ ಮಾತು ಬಂದರೂ ಓದು ಅಲ್ಲಿಗೇ ಮುಗಿಯಿತು, ಯರಗುಪ್ಪಿಯಲ್ಲಿ ಅವರು ನೋಡಿಟ್ಟ ವರನಿಗೆ ಕೊರಳು ಕೊಡಬೇಕು. ಆ ವರನನ್ನು ನಾನು ಒಮ್ಮೆ ನೋಡಿದ್ದೆ. ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಬಾಯಾರಿ ನಿಂತ ಎತ್ತಿನ ಮೂಗಿಗೆ ಸುಮ್ಮಸುಮ್ಮನೆ ಬಾರುಕೋಲಿನಿಂದ ಹೊಡೆದಿದ್ದ. ಅಂಥವನ ಮನೆಗೆ ಹೋಗುವುದಕ್ಕಿಂತ ಬಾವಿ ನೋಡಿಕೊಳ್ಳುವುದು ಮೇಲು ಎಂದು ನಾನು ಅಂದೇ ತೀರ್ಮಾನಿಸಿದ್ದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮೂರು ಶಲವಡಿ ದಾಟಿದ ಮೇಲೆ ಬರುವ ಎರೆನೆಲದ ಸೀಮೆ. ಮಳೆ ಬಿದ್ದರೆ ಕಾಲಿಗೆ ಮಣ್ಣಿನ ಬೂಟು, ಬಿಸಿಲು ಬಿದ್ದರೆ ನೆಲದ ತುಂಬ ಬಾಯಿ. ನಮ್ಮ ಮನೆಯಲ್ಲಿ ಹೊಡೆತ ಊಟದಷ್ಟೇ ಸಾಮಾನ್ಯವಾಗಿತ್ತು. ಅಪ್ಪ ಅಣ್ಣನನ್ನು ಹೊಡೆದು ಬೆಳೆಸಿದ, ಅಣ್ಣ ಆಳುಗಳನ್ನು ಹೊಡೆದ, ಆಳುಗಳು ಎತ್ತುಗಳನ್ನು ಹೊಡೆದರು. ಅವ್ವ ನಮ್ಮೆಲ್ಲರ ಮೈಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದಳು. ಅವಳ ಮೈಗೆ ಯಾರು ಹಚ್ಚುತ್ತಿದ್ದರು ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ.

ಇಂಥ ಮನೆಯಿಂದ ಹೋದವಳಿಗೆ ಧಾರವಾಡದಲ್ಲಿ ಕಲಿಸಿದ್ದು ವಸ್ತುಗಳಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದನ್ನು. ಎಂ.ಎ. ಆದ ಮೇಲಿನ ಕೋರ್ಸು, ಹುಡುಗಿ ನಾನೊಬ್ಬಳೇ. ತುಕ್ಕು ಹೇಗೆ ತಡೆಯಬೇಕು, ಚಿತ್ರಪಟಕ್ಕೆ ಎಷ್ಟು ಬೆಳಕು ಬೀಳಬೇಕು, ಒಡೆದ ಮಡಕೆಯ ಚೂರುಗಳನ್ನು ಯಾವ ಕೈಯಲ್ಲಿ ಎತ್ತಬೇಕು, ಎಲ್ಲದಕ್ಕೂ ಅಲ್ಲಿ ರೀತಿ ಇತ್ತು. ಎರಡೂ ಕೈಯಲ್ಲಿ, ಕೂಸನ್ನು ಎತ್ತಿದಂತೆ ಎತ್ತಿ ಎನ್ನುತ್ತಿದ್ದರು ನಮ್ಮ ಸರ್. ನಮ್ಮ ಸೀಮೆಯಲ್ಲಿ ಕೂಸನ್ನೂ ಹಾಗೆ ಎತ್ತಿದ್ದು ನಾನು ಕಂಡಿರಲಿಲ್ಲ. ಆ ವಿದ್ಯೆ ನನಗೆ ಹುಚ್ಚು ಹಿಡಿದಂತೆ ಹಿಡಿಯಿತು.

ಸರ್ ಇನ್ನೊಂದು ಮಾತು ಹೇಳುತ್ತಿದ್ದರು. ವಸ್ತು ಗ್ಯಾಲರಿಯೊಳಗೆ ಬಂದ ಕೂಡಲೇ ಅದರ ಕೆಲಸ ಮುಗಿಯುತ್ತದೆ. ಕೊಡ ನೀರು ತರುವುದಿಲ್ಲ, ಕುಡುಗೋಲು ಬೆಳೆ ಕೊಯ್ಯುವುದಿಲ್ಲ, ಕತ್ತಿ ಯಾರನ್ನೂ ಕಡಿಯುವುದಿಲ್ಲ. ಇನ್ನು ಅದು ನೋಡುವುದಕ್ಕೆ ಮಾತ್ರ. ನಾನು ಇದನ್ನು ದೇವರ ಮಾತಿನಂತೆ ನಂಬಿದ್ದೆ. ಸರ್ ನಮ್ಮೂರನ್ನು ನೋಡಿರಲಿಲ್ಲ.

ಕೋರ್ಸಿನ ಕೊನೆಯ ಪರೀಕ್ಷೆ ಬರೆಯುವುದಲ್ಲ, ಮಾಡುವುದು. ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಮನೆಮನೆಯಿಂದ ವಸ್ತುಗಳನ್ನು ಕೈಗಡ ತಂದು ಪ್ರದರ್ಶನ ಹೂಡಬೇಕು. ಭಾನುವಾರ ಊರವರಿಗೆ ತೋರಿಸಬೇಕು, ಸೋಮವಾರ ಸರ್ ಬಂದು ನೋಡಿ ಅಂಕ ಹಾಕುತ್ತಾರೆ. ಆಮೇಲೆ ಎಲ್ಲವನ್ನೂ ಊನವಿಲ್ಲದೆ ಹಿಂದಿರುಗಿಸಬೇಕು. ಇದು ದಾಟಿದರೆ ನನಗೆ ಸರ್ಟಿಫಿಕೇಟು, ಆಮೇಲೆ ಎಲ್ಲಾದರೂ ಒಂದು ನೌಕರಿ, ನನ್ನದೇ ಬಾಗಿಲಿಗೆ ನನ್ನದೇ ಕೀಲಿ. ದಾಟದಿದ್ದರೆ ಯರಗುಪ್ಪಿ.

ಶಾಲೆಯ ಮಾಸ್ತರರು ಒಂದು ಕೋಣೆ ಬಿಟ್ಟುಕೊಟ್ಟರು. ಕಾಕಾ ಗಾಡಿ ಹೂಡಿದ. ಬೀಸುಕಲ್ಲು, ಹಳೇ ಕೂರಿಗೆ, ಕುದುರೆ ಜೀನು, ಒಬ್ಬ ಮುತ್ತಜ್ಜಿ ಹೊಲಿದ ಕೌದಿ, ಹಿತ್ತಾಳೆಯ ಎಣ್ಣೆಗಿಂಡಿ, ಹೀಗೆ ಕೇಳಿದವರೆಲ್ಲ ಕೊಟ್ಟರು. ಕೊಡಲು ಹಿಂದೆಮುಂದೆ ನೋಡಿದ್ದು ಎರಡು ಕತ್ತಿಗಳಿಗೆ ಮಾತ್ರ.

ಆ ಕತ್ತಿಗಳ ಸಂಗತಿ ಹೇಳಬೇಕು. ನಮ್ಮಲ್ಲಿ ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಶ್ರಾವಣಕ್ಕೋ ಮದುವೆಗೋ ಗುಗ್ಗಳದ ಮೆರವಣಿಗೆ ಹೊರಡುತ್ತದೆ. ತಲೆಯ ಮೇಲೆ ಬೆಂಕಿಯ ಕೊಡ, ಮುಂದೆ ಸಮಾಳದ ಬಡಿತ, ಅದಕ್ಕೂ ಮುಂದೆ ಕತ್ತಿ ಝಳಪಿಸುತ್ತ ಒಡಪು ಹೇಳುವ ಪುರವಂತರು. ನಮ್ಮೂರಲ್ಲಿ ಅಂಥ ಕತ್ತಿಗಳು ಎರಡು. ಮೇಲಿನ ಓಣಿಯದು ನಮ್ಮ ಮನೆಯದು, ಕೆಳಗಿನ ಓಣಿಯದು ಒಬ್ಬ ಮುದುಕಿಯ ಮನೆಯದು. ಯಾವ ಕತ್ತಿ ಬಲಗಡೆ ನಡೆಯಬೇಕು ಎಂಬುದಕ್ಕೆ ನಾನು ಹುಟ್ಟುವ ಮೊದಲೇ ತಲೆಗಳು ಒಡೆದಿದ್ದವು. ಒಬ್ಬ ಸತ್ತೂ ಹೋಗಿದ್ದ. ಆಮೇಲೆ ಹಿರಿಯರು ಕೂತು ಪಾಳಿ ಮಾಡಿದರು: ಒಂದು ವರ್ಷ ನಮ್ಮದು ಬಲಕ್ಕೆ, ಮರುವರ್ಷ ಅವರದು. ಪಾಳಿಯಿಂದ ಜಗಳ ನಿಂತಿತು, ಹಗೆ ನಿಲ್ಲಲಿಲ್ಲ. ಎರಡು ಓಣಿಯವರು ಒಬ್ಬರ ಮನೆಯ ನೀರು ಒಬ್ಬರು ಕುಡಿಯುತ್ತಿರಲಿಲ್ಲ.

ನಮ್ಮ ಕತ್ತಿಯನ್ನು ಕಾಕಾನೇ ದೇವರ ಜಗುಲಿಯಿಂದ ಇಳಿಸಿಕೊಟ್ಟ. ಕೆಳಗಿನ ಓಣಿಗೆ ನಾನು ಒಬ್ಬಳೇ ಹೋದೆ. ಆ ಮುದುಕಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಅವಳಿಗೆ ಒಬ್ಬನೇ ಮಗ, ಅಣ್ಣಿಗೇರಿಯ ಹತ್ತಿ ಅಡತಿ ಅಂಗಡಿಯಲ್ಲಿ ಕೆಲಸ. ಯಾರಾದರೂ ಗದರಿಸಿದರೆ ಚಪ್ಪಲಿ ಬಿಟ್ಟು ಓಡುವಂಥ ಮನುಷ್ಯ. ಅವನು ಬೇಡವೆಂದ. ಆಯಿ ಅವನ ಮಾತು ಕೇಳಲಿಲ್ಲ, ನನ್ನ ಮುಖ ನೋಡಿದಳು, ಒಳಗೆ ಹೋಗಿ ಕತ್ತಿಯನ್ನು ಹೊಸ ಖಣದಲ್ಲಿ ಸುತ್ತಿ ತಂದಳು. ಗೋಡೆಗೆ ಹೇಗೆ ಹಾಕುತ್ತೀ ಎಂದು ಕೇಳಿದಳು. ಮೊಳೆ ಹೊಡೆದು ತಂತಿ ಬಿಗಿಯುತ್ತೇನೆ ಎಂದೆ.

"ತಂತಿ ಬಿಗೀಬ್ಯಾಡ ಮಗಳ, ದೇವರ ಕತ್ತಿಗೆ ಬೇಡಿ ಹಾಕಿದಂಗ ಆಕ್ಕೈತಿ. ದಾರ ಕಟ್ಟು ಸಾಕು," ಎಂದಳು ಆಯಿ. "ನಿನ್ನ ಕೈಯಾಗ ಕೊಟ್ಟೀನಿ."

ಹಾಗಾಗಿ ನಮ್ಮ ಕತ್ತಿಗೆ ತಂತಿ, ಅವರ ಕತ್ತಿಗೆ ಕೆಂಪು ದಾರ.

ಎಲ್ಲಿ ಹಾಕಬೇಕೆಂದು ನಾನು ಶನಿವಾರವಿಡೀ ತಲೆ ಕೆಡಿಸಿಕೊಂಡೆ. ಎತ್ತರ ಸಮವಾಗಿರಬೇಕು, ಅದು ಸುಲಭ. ಆದರೆ ಪಕ್ಕಪಕ್ಕ ಇಟ್ಟ ಮೇಲೆ ಒಂದು ಬಲಕ್ಕೆ, ಒಂದು ಎಡಕ್ಕೆ ಆಗಲೇಬೇಕಲ್ಲ. ಪಾಳಿ ಮಾಡಿದ್ದು ಗುಗ್ಗಳಕ್ಕೆ, ಗೋಡೆಗಲ್ಲ. ಕೊನೆಗೆ ನನಗೆ ಒಂದು ಉಪಾಯ ಹೊಳೆಯಿತು. ಗೋಡೆಯ ಎದುರು ನಿಂತು ನೋಡುವವನ ಬಲಕ್ಕೆ ಬರುವಂತೆ ಅವರ ಕತ್ತಿ ಹಾಕಿದೆ. ಆದರೆ ಗುಡಿಯಲ್ಲಿ ಬಲ ಎಂದರೆ ನೋಡುವವನ ಬಲವಲ್ಲ, ನಮ್ಮತ್ತ ಮುಖ ಮಾಡಿ ಕೂತ ದೇವರ ಬಲ. ಆ ಲೆಕ್ಕದಲ್ಲಿ ನಮ್ಮ ಕತ್ತಿಯೇ ಬಲಕ್ಕೆ. ಇಬ್ಬರಿಗೂ ಬಲ ಸಿಕ್ಕಿತು, ಇಬ್ಬರೂ ತಮಗೆ ಬೇಕಾದ ಹಾಗೆ ನೋಡಿಕೊಂಡು ಹೋಗಲಿ ಎಂದು ನಾನು ಹಿಗ್ಗಿದೆ. ಸರ್‌ಗೆ ಇದನ್ನು ವಿವರಿಸಿದರೆ ಬೆನ್ನು ತಟ್ಟುತ್ತಾರೆ ಎಂದುಕೊಂಡೆ. ಕಾಕಾ ಮಾತ್ರ ಗೋಡೆಯನ್ನು ನೋಡುತ್ತ ನಿಂತು, ಭಾಳ ಶಾಣೇಕಿ ಆಗಿಬಿಟ್ಟೆ ಎಂದು ನಕ್ಕ.

ಭಾನುವಾರ ಮುಂಜಾನೆ ಮೊದಲು ಬಂದವರು ಹೆಂಗಸರು. ಕೌದಿಯ ಮುಂದೆ ನಿಂತು ಹೊಲಿಗೆ ಎಣಿಸಿದರು, ಮುಟ್ಟಬಾರದು ಎಂದು ನಾನು ಹಾಕಿದ್ದ ಹಲಗೆಯನ್ನು ಓದಿ ಆಮೇಲೆ ಮುಟ್ಟಿದರು. ನಕ್ಕೆ, ಗದರಿಸಿದೆ. ನನ್ನ ಜೀವಮಾನದ ಅತಿ ಒಳ್ಳೆಯ ತಾಸು ಅದು. ಆಮೇಲೆ ಅಣ್ಣ ತನ್ನ ಜೊತೆಗಾರರೊಂದಿಗೆ ಬಂದ. ಅವರ ಬೆನ್ನಿಗೇ ಕೆಳಗಿನ ಓಣಿಯ ಗಂಡಸರೂ ಬಂದರು, ಅವರ ಹಿಂದೆ ಆಯಿಯ ಮಗ.

ಅಣ್ಣ ಗೋಡೆ ನೋಡಿದ. "ಅವರದು ಬಲಕ್ಕ ಯಾಕೈತಿ?" ಎಂದು ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಕೆಳಗಿನ ಓಣಿಯ ಒಬ್ಬ ಉತ್ತರ ಕೊಟ್ಟ: "ದೇವರ ಬಲಕ್ಕ ನಿಮ್ಮದ ಐತೆಲ್ಲಲೇ. ಈ ವರ್ಷ ಪಾಳಿ ನಮ್ಮದು, ಮರತೀರೇನು?"

ನಾನು ಇಬ್ಬರಿಗೂ ಒಂದೊಂದು ಬಲ ಕೊಟ್ಟಿದ್ದೆ. ಇಬ್ಬರೂ ತಮ್ಮ ಬಲವನ್ನು ಬಿಟ್ಟು ಇನ್ನೊಬ್ಬನ ಬಲವನ್ನೇ ಹಿಡಿದರು. ಜಗಳ ಬೇಕಾದವನಿಗೆ ನೆಲವೂ ಡೊಂಕು. ನಾನು ನಡುವೆ ನಿಂತು ಕೂಗಿ ಹೇಳಿದೆ, ಹೀಗೆ ನೋಡಿದರೆ ಹೀಗೆ, ಹಾಗೆ ನೋಡಿದರೆ ಹಾಗೆ ಎಂದು. ಯಾರೋ ನನ್ನ ಜಡೆ ಹಿಡಿದು ಆಚೆಗೆ ಎಳೆದರು. ಇಂದಿಗೂ ಕೆಲವರು, ನೀನು ಹಾಗೆ ಇಡಬಾರದಿತ್ತು ಎನ್ನುತ್ತಾರೆ. ಹೇಗೆ ಇಟ್ಟಿದ್ದರೂ ಅವರು ಹೊಡೆದಾಡುತ್ತಿದ್ದರು. ಆ ಗೋಡೆಯನ್ನು ನಾನು ಸರಿಯಾಗಿಯೇ ಜೋಡಿಸಿದ್ದೆ.

ಮೊದಲು ಒಬ್ಬರ ಅಂಗಿಯ ಕೊರಳಪಟ್ಟಿ ಹರಿಯಿತು. ಆಮೇಲೆ ಬೆಂಚು ಉರುಳಿತು, ಎಣ್ಣೆಗಿಂಡಿ ಗೋಡೆಗೆ ಬಡಿದು ಚಪ್ಪಟೆಯಾಯಿತು. ಬೀಸುಕಲ್ಲಿನ ಮೇಲಿನ ಹೋಳು ಒಬ್ಬನ ಪಾದದ ಮೇಲೆ ಬಿದ್ದು ಅವನು ನೆಲದಲ್ಲಿ ಹೊರಳಾಡಿದ. ಕೂರಿಗೆಯ ಕಟ್ಟಿಗೆಯ ತಾಳುಗಳನ್ನು ಕಿತ್ತುಕೊಂಡು ಒಬ್ಬರ ಬೆನ್ನಿಗೊಬ್ಬರು ಹೊಡೆದರು. ನಾನು ಎರಡೂ ಕೈಯಲ್ಲಿ ಎತ್ತಿ ತಂದಿದ್ದ ಪ್ರತಿ ವಸ್ತುವೂ ಆ ಕೋಣೆಯಲ್ಲಿ ಮತ್ತೆ ಕೆಲಸಕ್ಕೆ ಬಂತು. ಒಬ್ಬನ ಹಲ್ಲು ನನ್ನ ಕಾಲ ಹತ್ತಿರ ಬಂದು ಬಿತ್ತು. ಹೆಂಗಸರು ಕಿಟಕಿಯಿಂದ ಹೊರಗೆ ಹಾರಿದರು.

ಅಣ್ಣ ಗೋಡೆಗೆ ಕೈ ಹಾಕಿದ. ನಮ್ಮ ಕತ್ತಿಯನ್ನು ಜಗ್ಗಿದ, ತಂತಿ ಬಿಡಲಿಲ್ಲ. ಪಕ್ಕದ್ದನ್ನು ಜಗ್ಗಿದ, ದಾರ ಹರಿಯಿತು. ಅವನು ತಿರುಗಿದಾಗ ಎದುರಿಗೆ ಸಿಕ್ಕವನು ಆಯಿಯ ಮಗ. ಆ ಮನುಷ್ಯ ಯಾರ ಮೈಯನ್ನೂ ಮುಟ್ಟಿರಲಿಲ್ಲ, ಮೂಲೆಗೆ ಆನಿಕೊಂಡು ಎರಡೂ ಕೈ ಮುಗಿದುಕೊಂಡು ನಿಂತಿದ್ದ. ಅಣ್ಣ ಕತ್ತಿ ಎತ್ತಿ ಅವನ ಕೊರಳಿಗೆ ಬೀಸಿದ. ಕಾಕಾ ನಡುವೆ ನುಗ್ಗಿ ಬಲಗೈ ಒಡ್ಡಿದ.

ಹಸಿ ಜೋಳದ ದಂಟು ಕಡಿದಂಥ ಸದ್ದಾಯಿತು. ಎರಡು ಬೆರಳು ನೆಲಕ್ಕೆ ಬಿದ್ದವು, ಅಂಗೈ ಮಣಿಕಟ್ಟಿನವರೆಗೆ ಸೀಳಿಹೋಯಿತು. ಕಾಕಾ ಕೂಗಲಿಲ್ಲ, ತನ್ನ ಕೈಯನ್ನು ತಾನೇ ಬೆರಗಿನಿಂದ ನೋಡುತ್ತ ಕುಸಿದ. ಕೋಣೆ ಒಮ್ಮೆಲೇ ತಣ್ಣಗಾಯಿತು. ಅಣ್ಣ ಕತ್ತಿಯನ್ನು ಆಯಿಯ ಮಗನ ಕಾಲ ಬಳಿ ಎಸೆದು ಓಡಿಹೋದ. ಕಟ್ಟಲು ಬಟ್ಟೆ ಇರಲಿಲ್ಲ. ನಾನು ಕೌದಿ ಎಳೆದು ಆ ಕೈಗೆ ಸುತ್ತಿದೆ. ಅದರ ಎಷ್ಟೋ ಪದರಗಳನ್ನು ದಾಟಿ ರಕ್ತ ನನ್ನ ಸೀರೆಗೆ ಇಳಿಯಿತು. ಒಂದು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಅವನನ್ನು ಹುಬ್ಬಳ್ಳಿಗೆ ಒಯ್ದರು, ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಓಣಿಯಲ್ಲಿ ಕತೆ ಸಿದ್ಧವಾಗಿತ್ತು. ಕತ್ತಿ ಕೆಳಗಿನ ಓಣಿಯದು, ಬಿದ್ದದ್ದು ಆಯಿಯ ಮಗನ ಕಾಲ ಬಳಿ, ಕಡಿಸಿಕೊಂಡವನು ನಮ್ಮ ಮನೆಯವನು. ಇನ್ನೇನು ಬೇಕು. ಹೀಗೆ ಜೋಡಿಸಿದವನು ಅಪ್ಪ, ಊರಲ್ಲಿ ಅವನ ಮಾತಿಗೆ ತೂಕವಿತ್ತು. ಪೊಲೀಸ್ ಫೌಜದಾರ ಬಂದವನೇ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿದ. ಕೆಳಗಿನ ಓಣಿಯವರು ಹೇಳಿದ್ದನ್ನು, ಅವರು ತಮ್ಮವನನ್ನು ಉಳಿಸಿಕೊಳ್ಳಲು ಹೇಳುತ್ತಾರೆ ಎಂದು ಬದಿಗಿಟ್ಟ. ಕಾಕಾ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಆಯಿಯ ಮಗನನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿ ಅಂಗಾಲಿಗೆ ಲಾಠಿಯಿಂದ ಹೊಡೆಯುತ್ತಿದ್ದರು. ಅವನ ಕೂಗು ನಮ್ಮ ಅಡಿಗೆಮನೆಯವರೆಗೂ ಕೇಳುತ್ತಿತ್ತು. ಅವ್ವ ಒಲೆಯ ಮುಂದೆ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಆಗ ಆಯಿ ನಮ್ಮ ಮನೆಗೆ ಬಂದಳು. ಕೆಳಗಿನ ಓಣಿಯವರು ನಮ್ಮ ಅಂಗಳ ತುಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಳಲಿಲ್ಲ, ಶಪಿಸಲಿಲ್ಲ. ಹೊಸ್ತಿಲ ಆಚೆ ನಿಂತು ನನ್ನನ್ನೇ ನೋಡಿದಳು.

"ನಾ ಕತ್ತಿ ಕೊಟ್ಟಿದ್ದು ನಿನ್ನ ಕೈಯಾಗ ಮಗಳ," ಎಂದಳು. "ನನ್ನ ಮಗನ್ನ ಅಲ್ಲ."

ಕತೆ ಗಟ್ಟಿಯಾದ ಮೇಲೆ ಮನೆಗೆ ಮರಳಿದ್ದ ಅಣ್ಣ ಅವಳನ್ನು ಅಂಗಳದಿಂದ ನೂಕಿದ. ಅಪ್ಪ ನನ್ನನ್ನು ಒಳಕೋಣೆಗೆ ಕರೆದು ಕದ ಹಾಕಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿಲ್ಲ. ಅದಕ್ಕೆ ಮೊದಲು ಅವನು ನನ್ನೊಂದಿಗೆ ಅಷ್ಟು ಮೆತ್ತಗೆ ಮಾತಾಡಿದ್ದು ನನಗೆ ನೆನಪಿಲ್ಲ. ಸಾಮಾನೆಲ್ಲ ನನ್ನ ಉಸ್ತುವಾರಿಯಲ್ಲಿ ಇದ್ದುದರಿಂದ ಫೌಜದಾರ ನನ್ನನ್ನು ಕೇಳುತ್ತಾನಂತೆ. ನಾನು ಈ ಮನೆಯ ಮಗಳಾದ್ದರಿಂದ ನನ್ನ ಮಾತೇ ಗಟ್ಟಿಯಂತೆ.

"ಎಲ್ಲಾರೂ ಹೇಳಿದಂಗ ಹೇಳು," ಎಂದ ಅಪ್ಪ. "ಯರಗುಪ್ಪಿಯವರಿಗೆ ಒಲ್ಲೆ ಅಂತ ಹೇಳಿ ಕಳಸ್ತೀನಿ. ಎಷ್ಟ ಓದ್ತೀ ಓದು, ನಾ ತಡಿಯಂಗಿಲ್ಲ. ಇಲ್ಲಂದ್ರ ಈ ಮನ್ಯಾಗ ನಿನಗ ಹೊಸ್ತಲ ಇಲ್ಲ."

ಬಯಸಿದ್ದೆಲ್ಲ ಒಂದೇ ಬಟ್ಟಲಲ್ಲಿ ಇಟ್ಟುಕೊಟ್ಟ. ಆಸೆ ಆಗಲಿಲ್ಲವೆಂದರೆ ಸುಳ್ಳು. ಆಸೆ ಆಯಿತು, ನಾಲಿಗೆಯ ತುದಿಯವರೆಗೂ ಬಂತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಕತ್ತಿ ಯಾರದೆಂದು ನಿಜ ಹೇಳಿ ಸುಮ್ಮನಾದರೆ ಸಾಕಿತ್ತು. ಅಣ್ಣನ ಮೇಲೆ ನನಗೆ ಕರುಣೆ ಇರಲಿಲ್ಲ, ಆದರೆ ಅವ್ವನ ಮುಖ ಕಣ್ಣ ಮುಂದಿತ್ತು. ಕಟ್ಟೆಯ ಕಡೆಯಿಂದ ಕೂಗು ಮಾತ್ರ ನಿಂತಿರಲಿಲ್ಲ.

ನನ್ನನ್ನು ಶಾಲೆಗೆ ಕರೆದೊಯ್ದರು. ಅಪ್ಪ, ಅಣ್ಣ ಇಬ್ಬರೂ ಜೊತೆಗೆ ಬಂದರು. ಕತ್ತಿ ಮೇಜಿನ ಮೇಲಿತ್ತು, ರಕ್ತ ಒಣಗಿ ಕಪ್ಪಾಗಿತ್ತು, ಹಿಡಿಕೆಗೆ ಕೆಂಪು ದಾರದ ತುಂಡು ಇನ್ನೂ ಅಂಟಿಕೊಂಡಿತ್ತು. ಫೌಜದಾರ ನನ್ನ ಕಡೆ ನೋಡದೆಯೇ ಕೇಳಿದ, ಉತ್ತರ ಗೊತ್ತಿದ್ದವನ ಹಾಗೆ.

"ಈ ಕತ್ತಿ ಯಾರ ಮನೀದವ್ವಾ?"

"ಕತ್ತಿ ಅವರ ಮನೀದ್ರಿ," ಎಂದೆ. ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. "ಹಿಡದ ಕೈ ನಮ್ಮಣ್ಣಂದ್ರಿ."

ಫೌಜದಾರ ಈಗ ತಲೆ ಎತ್ತಿದ. ಮತ್ತೊಮ್ಮೆ ಕೇಳಿದ, ಮತ್ತೊಮ್ಮೆ ಹೇಳಿದೆ. ತಂತಿ, ದಾರ, ಎಲ್ಲಿ ನಿಂತಿದ್ದ, ಹೇಗೆ ಬೀಸಿದ, ಎಲ್ಲಿ ಎಸೆದ, ಒಂದನ್ನೂ ಬಿಡದೆ ಹೇಳಿದೆ. ಅಣ್ಣ ನನ್ನ ಕೊರಳಿಗೆ ಕೈ ಹಾಕಿದ. ಅವನನ್ನು ಬಿಡಿಸುವುದರೊಳಗೆ ಅಪ್ಪನ ಒದೆತ ನನ್ನ ಹೊಟ್ಟೆಗೆ ಬಿದ್ದಿತ್ತು. ಪೊಲೀಸರ ಎದುರೇ, ಊರಿನ ಎದುರೇ. ನೆಲದ ಮೇಲೆ ಬಿದ್ದವಳಿಗೆ ಆಯಿಯ ಮಗನನ್ನು ಕಟ್ಟೆಯಿಂದ ಇಬ್ಬರು ಎತ್ತಿಕೊಂಡು ಹೋಗುವುದು ಕಂಡಿತು, ಅವನಿಗೆ ಪಾದ ಊರಲು ಬರುತ್ತಿರಲಿಲ್ಲ. ಆಮೇಲೆ ಅಣ್ಣನಿಗೆ ಬೇಡಿ ಹಾಕಿದರು.

ಆಯಿಯ ಮನೆಯಲ್ಲಿ ನನ್ನನ್ನು ಮಲಗಿಸಿಕೊಂಡರು. ಸೋಮವಾರ ಬಸ್ಸಿಗೆ ಸರ್ ಬಂದರು. ಕೋಣೆಗೆ ಸೀಲು ಬಿದ್ದಿತ್ತು. ಕಿಟಕಿಯಿಂದ ಒಳಗೆ ಇಣುಕಿ, ನೆಲದ ಮೇಲಿನ ರಕ್ತವನ್ನು, ಮುರಿದ ಕೂರಿಗೆಯನ್ನು ನೋಡಿ ಅವರ ಮುಖ ಬೆಳ್ಳಗಾಯಿತು. ಪ್ರದರ್ಶನವೇ ಇಲ್ಲದ ಮೇಲೆ ಅಂಕ ಹೇಗೆ ಹಾಕಲಿ, ಮುಂದಿನ ವರ್ಷ ನೋಡೋಣ ಎಂದರು. ಪಾಪ, ಅವರು ಕೆಟ್ಟವರಲ್ಲ, ಹೆದರಿದ್ದರು. ಅವರು ಹಿಂದಿರುಗಿದ ಬಸ್ಸಿಗೇ ನಾನೂ ಹತ್ತಿದೆ. ಅವರು ಧಾರವಾಡಕ್ಕೆ ಹೋದರು, ನಾನು ಹುಬ್ಬಳ್ಳಿಯಲ್ಲಿ ಇಳಿದು ಆಸ್ಪತ್ರೆಗೆ ಹೋದೆ.

ಕಾಕಾನಿಗೆ ಎಚ್ಚರವಾಗಿತ್ತು. ಬಲಗೈ ಬಿಳಿ ಬಟ್ಟೆಯ ಗಂಟಾಗಿತ್ತು. ಇನ್ನು ಆ ಕೈಯಲ್ಲಿ ಕೂರಿಗೆ ಹಿಡಿಯುವುದಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಊರಿನ ಸುದ್ದಿ ನನಗಿಂತ ಮೊದಲೇ ಅವನನ್ನು ಮುಟ್ಟಿತ್ತು. ನಾನು ಮಂಚದ ಪಕ್ಕ ನಿಂತೆ. ನನಗಾಗಿ ಅಣ್ಣನ ಕೈ ಹಿಡಿದವನು, ನನ್ನ ಜವಾಬ್ದಾರಿ ತನ್ನದೆಂದವನು ಇವನು. ನೀ ಮಾಡಿದ್ದು ಸರಿ ಎಂದು ಅವನೊಬ್ಬನಾದರೂ ಹೇಳುತ್ತಾನೆ ಎಂದು ನಂಬಿ ಬಂದಿದ್ದೆ.

"ಅಂವ ನನ್ನ ಕೈ ಅಷ್ಟ ಕಡದ," ಎಂದ. "ನೀ ಮನೀನ ಕಡದಿ."

"ಕಡದಾಂವ ಯಾರಂತ ಹೇಳೀನಿ ಕಾಕಾ," ಎಂದೆ. ನನ್ನ ದನಿ ಏರಿತು, ಪಕ್ಕದ ಮಂಚದವರು ತಿರುಗಿ ನೋಡಿದರು. "ಸುಮ್ಮನಿದ್ರ ಆಯಿ ಮಗ ಜೇಲಿನ್ಯಾಗ ಸಾಯ್ತಿದ್ದ. ನಿನ್ನ ಕೈ ಉಳಸಿದ್ದು ಅವನ್ನ."

ಅವನ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಒರೆಸಿಕೊಳ್ಳಲು ಬಲಗೈ ಎತ್ತಹೋಗಿ, ನೋವಿಗೆ ಹಲ್ಲು ಕಚ್ಚಿ ಹಾಗೇ ಇಳಿಸಿದ. ನಾನು ಒರೆಸಲು ಬಾಗಿದರೆ ಮುಖ ಆಚೆ ತಿರುಗಿಸಿಕೊಂಡ. ಗೋಡೆಯ ಕಡೆ ನೋಡುತ್ತಲೇ ಪರೀಕ್ಷೆ ಏನಾಯಿತೆಂದು ಕೇಳಿದ. ಆಗಲಿಲ್ಲ, ಮುಂದಿನ ವರ್ಷ ಮತ್ತೆ ಕೂರಬೇಕು ಎಂದೆ.

"ಕೂಡು. ಓದೂದು ಬಿಡಬ್ಯಾಡ," ಎಂದ ಕಾಕಾ. "ಆದ್ರ ಊರಿಗೆ ಬರಬ್ಯಾಡ. ನಾ ಇರೂತನಕ ಬರಬ್ಯಾಡ."

ಆಸ್ಪತ್ರೆಯ ಮೆಟ್ಟಿಲಿಳಿದು ಬಂದಾಗ ನನಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು ಬಂತು. ಯಾರ ಕಪಾಳಕ್ಕಾದರೂ ಬಾರಿಸಬೇಕು ಅನ್ನಿಸಿತು. ನಾನೂ ಆ ಮನೆಯ ಮಗಳೇ ಎಂದು ಆಗ ಗೊತ್ತಾಯಿತು. ಬಸ್‌ಸ್ಟ್ಯಾಂಡಿಗೆ ನಡೆದು ಧಾರವಾಡದ ಬಸ್ಸು ಹತ್ತಿದೆ. ಮರುವರ್ಷ ಬೇರೆ ಊರೊಂದರಲ್ಲಿ ಪ್ರದರ್ಶನ ಹೂಡಿ ಪಾಸಾದೆ. ಕಾಕಾ ಹೇಳಿದ್ದ ಎರಡು ಮಾತನ್ನೂ ನಡೆಸಿದ್ದೇನೆ.